ಎಡ ಸ್ಟಿಕ್ ಕೆಟ್ಟ ಸ್ಟೀಮ್ ಡೆಕ್ ಇವತ್ತೇ ಸಿಗುತ್ತೆ ಅಂದರೆ ತಗೊಳ್ಳಬಹುದಾ?

"ಹೊಸ ಸ್ಟಾಕ್ ಬರೋಕೆ ಐದಾರು ವಾರ ಆಗುತ್ತೆ ಸರ್. ಒಂದು ಪೀಸ್ ಇದೆ, ಎಡ ಸ್ಟಿಕ್ ಸ್ವಲ್ಪ ಡ್ರಿಫ್ಟ್. ಬೇಕಂದ್ರೆ ಇವತ್ತೇ ಮಡಿಕೇರಿ ಬಸ್ಸಿಗೆ ಹಾಕ್ತೀನಿ." ಬೆಂಗಳೂರಿನಲ್ಲಿ ಹೊರದೇಶದ ಹ್ಯಾಂಡ್‌ಹೆಲ್ಡ್ ಗೇಮಿಂಗ್ ಸಾಧನ ತರಿಸಿ ಮಾರುವವರ ಬಾಯಲ್ಲಿ ಕೇಳಿಬರುವ ಮಾತು ಇದು. ಸ್ಟೀಮ್ ಡೆಕ್ ಅಂಥದ್ದೇ ಒಂದು ಸಾಧನ, ಕೈಯಲ್ಲಿ ಹಿಡಿದು ಕಂಪ್ಯೂಟರ್ ಆಟ ಆಡುವಂಥದ್ದು. ಸ್ಟಿಕ್ ಅಂದರೆ ಅದರಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಕೋಲು. ಈ ವಿಮರ್ಶೆ ಹೊಳೆಯುವ ಹೊಸ ಸ್ಟೀಮ್ ಡೆಕ್‌ನದ್ದಲ್ಲ. ಎಡ ಸ್ಟಿಕ್ ತನ್ನಷ್ಟಕ್ಕೆ ಸರಿಯುವ (ಇದೇ ಡ್ರಿಫ್ಟ್), ಉಳಿದದ್ದೆಲ್ಲ ಸರಿ ಇರುವ 256 ಜಿಬಿ ಎಲ್‌ಸಿಡಿ ಡೆಕ್, ಕೊಡಗಿನಲ್ಲಿ ಕುಳಿತು ಕೊಳ್ಳುವವರಿಗೆ ಲಾಭವೋ ನಷ್ಟವೋ ಅನ್ನುವುದಷ್ಟೇ ಇಲ್ಲಿನ ವಿಷಯ.

ಉತ್ತರ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮ ಮನೆಯ ಮೇಜಿನ ಮೇಲೆ ಒಂದು ಸ್ಕ್ರೂಡ್ರೈವರಿನಲ್ಲಿ ಸರಿಯಾಗುವ ದೋಷವಾದರೆ ತಗೊಳ್ಳಿ. ಘಟ್ಟ ಇಳಿಸಿ ಬೆಂಗಳೂರಿಗೆ ವಾಪಸ್ ಕಳಿಸಬೇಕಾದ ದೋಷವಾದರೆ ಬೇಡ, ಎಷ್ಟೇ ಬೆಲೆ ಇಳಿಸಿದರೂ ಬೇಡ. ಹೋಗಲು ಮೂರು ದಿನ, ರಿಪೇರಿಗೆ ಹತ್ತು, ಬರಲು ಮೂರು ಅಂತ ಹಿಡಿದರೂ ಒಂದೇ ಸಲದ ಓಡಾಟಕ್ಕೆ ಹದಿನಾರು ದಿನ ಹೋಯಿತು. ಎರಡು ಸಲ ಕಳಿಸಿದರೆ ಕಾಯದೆ ಉಳಿಸಿದ ಐದು ವಾರ ಬಹುತೇಕ ಅಲ್ಲಿಗೇ ಮುಗಿಯಿತು. ಸ್ಟಿಕ್ ಡ್ರಿಫ್ಟ್ ಮೊದಲನೆಯ ಜಾತಿಯ ದೋಷ. ಹಾಗಾಗಿ ಷರತ್ತಿನ ಮೇಲೆ ತಗೊಳ್ಳಬಹುದು.

ವಾಲ್ವ್ ಕಂಪನಿ ಸ್ಟೀಮ್ ಡೆಕ್ ಅನ್ನು 2022ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿತು, ಆದರೆ ಭಾರತದಲ್ಲಿ ನೇರವಾಗಿ ಮಾರುವುದಿಲ್ಲ. ಇಲ್ಲಿ ಸಿಗುವುದೆಲ್ಲ ಯಾರೋ ಹೊರಗಿನಿಂದ ತಂದದ್ದು. ಆದ್ದರಿಂದ ಅಂಗಡಿಯವರು 'ವಾರಂಟಿ' ಅಂದರೆ ಅದು ಅವರ ಅಂಗಡಿಯ ಮಾತು, ಕಂಪನಿಯದ್ದಲ್ಲ. ಇದೇ ಕಾರಣಕ್ಕೆ ಇಂಥ 'ದೋಷ ಇದ್ದರೂ ಬೇಗ' ವ್ಯಾಪಾರ ಹುಟ್ಟಿಕೊಳ್ಳುವುದು. ಕಂಪನಿಗೆ ಹಿಂತಿರುಗಿಸುವ ದಾರಿ ಅವರಿಗೂ ಸುಲಭವಿಲ್ಲ, ನಿಮ್ಮ ತಲೆಗೆ ಕಟ್ಟಿದರೆ ಅವರಿಗೆ ಹಗುರ. ದಾನಕ್ಕೆ ಬಂದ ಹಸುವಿನ ಹಲ್ಲು ಹಿಡಿದು ನೋಡಬಾರದು ಅಂತಾರೆ. ಇದು ದಾನವಲ್ಲ, ಹಲ್ಲು ಎಣಿಸಿಯೇ ತಗೊಳ್ಳಿ.

ಸ್ಟಿಕ್ ಒಳಗೆ ಆಗುವುದೇನೆಂದರೆ, ಇಂಗಾಲದ ಒಂದು ತೆಳು ಪಟ್ಟಿಯ ಮೇಲೆ ಪುಟ್ಟ ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಅದು ಎಲ್ಲಿ ನಿಂತಿದೆ ಅನ್ನುವುದನ್ನು ವೋಲ್ಟೇಜ್ ಹೇಳುತ್ತದೆ. ಪಟ್ಟಿ ಸವೆದರೆ, ಧೂಳು ಕೂತರೆ, ನಡುವಿಗೆ ಮರಳಿಸುವ ಸ್ಪ್ರಿಂಗ್ ಸಡಿಲವಾದರೆ ಬೆರಳು ಬಿಟ್ಟ ಮೇಲೂ ಸಾಧನಕ್ಕೆ 'ಎಡಕ್ಕೆ ತಳ್ಳುತ್ತಿದ್ದಾರೆ' ಅಂತಲೇ ಕಾಣುತ್ತದೆ. ಡ್ರಿಫ್ಟ್ ಅನ್ನುವ ಒಂದೇ ಪದದಲ್ಲಿ ಅಂಗಡಿಯವರು ನಾಲ್ಕು ಬೇರೆ ಬೇರೆ ಕಾಯಿಲೆಗಳನ್ನು ಸೇರಿಸಿ ಹೇಳುತ್ತಾರೆ. ಬೇರ್ಪಡಿಸಿ ನೋಡುವುದು ನಿಮ್ಮ ಕೆಲಸ.

ಪಾರ್ಸೆಲ್ ಹಾಕುವ ಮೊದಲು ವಿಡಿಯೋ ಕಾಲ್‌ನಲ್ಲಿ ಇದನ್ನು ಮಾಡಿಸಿ. ಮೊದಲು ಸೆಟ್ಟಿಂಗ್ಸ್‌ನ ಕಂಟ್ರೋಲರ್ ಭಾಗದಲ್ಲಿ ಎಡ ಸ್ಟಿಕ್‌ನ ಡೆಡ್ ಝೋನ್ ಅನ್ನು ಮೊದಲಿನ ಸ್ಥಿತಿಗೆ ತರಲು ಹೇಳಿ. ಇದನ್ನು ಬಿಟ್ಟರೆ ಉಳಿದ ಪರೀಕ್ಷೆಯೆಲ್ಲ ನಾಟಕ. ಡೆಡ್ ಝೋನ್ ಅಂದರೆ ನಡುವಿನ ಇಷ್ಟು ಜಾಗದೊಳಗಿನ ಚಲನೆಯನ್ನು ಲೆಕ್ಕಕ್ಕೆ ಹಿಡಿಯಬೇಡ ಅನ್ನುವ ಆಜ್ಞೆ. ಅದನ್ನು ದೊಡ್ಡದು ಮಾಡಿಟ್ಟರೆ ಎಂಥ ಸವೆದ ಸ್ಟಿಕ್ಕೂ ಸಾಧುವಾಗಿ ಕಾಣುತ್ತದೆ. ಆಮೇಲೆ ಅದೇ ಭಾಗದಲ್ಲಿರುವ ಇನ್‌ಪುಟ್ ಪರೀಕ್ಷೆಯ ಪರದೆ ತೆರೆದು, ಡೆಕ್ ಅನ್ನು ಮೇಜಿನ ಮೇಲೆ ಮಲಗಿಸಿ, ಯಾರೂ ಮುಟ್ಟದೆ ಎರಡು ನಿಮಿಷ, ಸ್ಟಿಕ್ ಎಲ್ಲಿದೆ ಅಂತ ತೋರಿಸುವ ಚುಕ್ಕಿಯನ್ನು ನೋಡಿ.

ಚುಕ್ಕಿ ನಡುವಿನಿಂದ ಸ್ವಲ್ಪ ಎಡಕ್ಕೆ ಸರಿದು ಅಲ್ಲೇ ಕಲ್ಲಿನ ಹಾಗೆ ನಿಂತಿದ್ದರೆ ಅದು ನಡು ತಪ್ಪಿದ್ದು. ನಾಲ್ಕರಲ್ಲಿ ಇದೇ ಹಗುರದ ಕಾಯಿಲೆ, ಡೆಡ್ ಝೋನ್ ಕೊಂಚ ಹೆಚ್ಚಿಸಿದರೆ ಬಂದ ದಿನವೇ ಆಡಬಹುದು. ನಿಂತಲ್ಲೇ ನಡುಗುತ್ತಿದ್ದರೆ ಪಟ್ಟಿ ಸವೆದಿದೆ, ಇಂದಲ್ಲ ನಾಳೆ ಸ್ಟಿಕ್ ಬದಲಾಯಿಸಲೇಬೇಕು. ಪೂರ್ತಿ ಸುತ್ತು ತಿರುಗಿಸಿದಾಗ ಚುಕ್ಕಿ ಒಂದು ಬದಿಯ ಅಂಚನ್ನೇ ಮುಟ್ಟದಿದ್ದರೆ ಆಟದಲ್ಲಿ ಆ ಕಡೆಗೆ ಓಟವೇ ಬರುವುದಿಲ್ಲ, ಬರೀ ನಡಿಗೆ. ಇದಕ್ಕೆ ಡೆಡ್ ಝೋನ್ ಮದ್ದಲ್ಲ. ನಾಲ್ಕನೆಯದು ಚುಕ್ಕಿ ಆಗಾಗ ಒಮ್ಮೆಲೇ ಅಂಚಿಗೆ ಜಿಗಿದು ವಾಪಸ್ ಬರುವುದು. ಇಲ್ಲಿ ತಪ್ಪು ಸ್ಟಿಕ್‌ನದ್ದೇ ಆಗಬೇಕೆಂದಿಲ್ಲ. ಅದರ ರಿಬ್ಬನ್ ಕೇಬಲ್ ಸಡಿಲವಿರಬಹುದು, ಆ ಬದಿಯ ಗುಂಡಿಗಳ ಬೋರ್ಡೇ ಕೆಟ್ಟಿರಬಹುದು. ಮೊದಲ ಮೂರಕ್ಕೆ ಒಪ್ಪಿ. ನಾಲ್ಕನೆಯದಕ್ಕೆ ಬೋರ್ಡಿನ ಬೆಲೆಯನ್ನೂ ಇಳಿಸಿ ಅನ್ನಿ, ಒಪ್ಪದಿದ್ದರೆ ಫೋನ್ ಇಡಿ.

ಇಷ್ಟಾದ ಮೇಲೂ ಒಂದು ಆಟ ಹಾಕಿ ಇಪ್ಪತ್ತು ನಿಮಿಷ ಬಿಸಿಯಾದ ಮೇಲೆ ಇನ್ನೊಮ್ಮೆ ಚುಕ್ಕಿ ತೋರಿಸಲು ಹೇಳಬೇಕು. ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದ ಮೇಲೆ ಓಡುವ ಸ್ಟಿಕ್ಕುಗಳಿವೆ.

ಡೆಕ್ ವಿಷಯದಲ್ಲಿ ಸ್ಟಿಕ್ ದೋಷವನ್ನು ಒಪ್ಪಬಹುದು ಅನ್ನುವುದಕ್ಕೆ ಇನ್ನೊಂದು ಕಾರಣ ಅದರ ಮೈಯಲ್ಲೇ ಇದೆ. ಎರಡು ಟ್ರ್ಯಾಕ್‌ಪ್ಯಾಡ್, ಕೈ ಅಲುಗಿಸಿದರೆ ಗುರಿ ತಿರುಗುವ ಜೈರೋ, ಬೆನ್ನಿನಲ್ಲಿ ನಾಲ್ಕು ಗುಂಡಿ. ಸ್ಟೀಮ್ ಇನ್‌ಪುಟ್ ಅನ್ನುವ ಸೆಟ್ಟಿಂಗ್‌ನಲ್ಲಿ ಯಾವುದರ ಕೆಲಸವನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು. ಬಲ ಸ್ಟಿಕ್ ಕೆಟ್ಟರೆ ಬಲ ಟ್ರ್ಯಾಕ್‌ಪ್ಯಾಡ್ ಮತ್ತು ಜೈರೋ ಸೇರಿ ಅದಕ್ಕಿಂತ ಚೆನ್ನಾಗಿಯೇ ಗುರಿ ಹಿಡಿಯುತ್ತವೆ. ಎಡ ಸ್ಟಿಕ್ ನಡೆಯುವ ಕಾಲು, ಅದರ ಬದಲಿಗೆ ಎಡ ಟ್ರ್ಯಾಕ್‌ಪ್ಯಾಡ್ ಹಾಕಿದರೆ ಕುಂಟುತ್ತಾ ಸಾಗುತ್ತದೆ. ಪರದೆಯಲ್ಲಿ ಎಡಕ್ಕೆ ಬಲಕ್ಕಷ್ಟೇ ಸಾಗುವ ಆಟಗಳಿಗೆ ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಗುಂಡಿ) ಸಾಕು. ಅಂಗಡಿಯಲ್ಲಿ ಎರಡು ದೋಷದ ಪೀಸ್ ಇದ್ದು ಆಯ್ಕೆ ನಿಮ್ಮದಾದರೆ ಬಲ ಸ್ಟಿಕ್ ಕೆಟ್ಟದ್ದನ್ನು ಆರಿಸಿ. ಸ್ಟಿಕ್ ಒತ್ತಿದರೆ ಬರುವ ಕ್ಲಿಕ್ ಕೆಟ್ಟಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬೆನ್ನಿನ ಗುಂಡಿಗೆ ಹಾಕಿದರೆ ಆಯಿತು. ಟ್ರ್ಯಾಕ್‌ಪ್ಯಾಡ್ ಇಲ್ಲದ ಬೇರೆ ಹ್ಯಾಂಡ್‌ಹೆಲ್ಡ್‌ಗೆ ಈ ಉದಾರತೆ ತೋರಿಸಲಾಗದು.

ಉಳಿದ ದೋಷಗಳ ಬಗ್ಗೆಯೂ ಕೇಳುವವರಿದ್ದಾರೆ, ಚುಟುಕಾಗಿ ನೋಡೋಣ. ಮೂಲೆಯಲ್ಲಿ ಒಂದೆರಡು ಸತ್ತ ಪಿಕ್ಸೆಲ್, ಕಪ್ಪು ಪರದೆಯ ಅಂಚಿನಲ್ಲಿ ಬೆಳಕು ಸೋರುವುದು: ಬೆಲೆ ಇಳಿಸಿ ತಗೊಳ್ಳಿ, ಆಟ ಶುರುವಾದರೆ ಕಾಣುವುದಿಲ್ಲ. ಪರದೆ ಬಿರುಕು: ಬೇಡ. ಪರದೆ ಅಂಟಿನಲ್ಲಿ ಕೂತಿದೆ, ಬಿಸಿ ಮಾಡಿ ಎಬ್ಬಿಸಬೇಕು, ಬಿರುಕಿನೊಳಗೆ ಮಳೆಗಾಲದ ತೇವ ಬೇರೆ ಇಳಿಯುತ್ತದೆ. ಫ್ಯಾನ್ ಕಿರುಗುಟ್ಟುವುದು: ತಗೊಳ್ಳಿ. ಎಲ್‌ಸಿಡಿ ಡೆಕ್‌ಗಳಲ್ಲಿ ಎರಡು ಬೇರೆ ತಯಾರಕರ ಫ್ಯಾನ್ ಬಂದಿವೆ, ಒಂದರ ಸದ್ದು ಕಿವಿಗೆ ಚುಚ್ಚುತ್ತದೆ, ಇನ್ನೊಂದು ಮೆತ್ತಗಿದೆ, ಬದಲಾಯಿಸಲು ಬರುತ್ತದೆ. ಅಲ್ಲದೆ ಮಡಿಕೇರಿಯ ಹವೆಯಲ್ಲಿ ಫ್ಯಾನ್‌ಗೆ ಮೈಸೂರಿನಷ್ಟು ದುಡಿತವೂ ಇಲ್ಲ. ಮೆಮೊರಿ ಕಾರ್ಡ್ ಓದದಿದ್ದರೆ ಒಳಗಿನ ಸಂಗ್ರಹ 256 ಜಿಬಿ ಅಥವಾ ಹೆಚ್ಚು ಇದ್ದಾಗ ಮಾತ್ರ ಯೋಚಿಸಿ. 64 ಜಿಬಿ ಮಾದರಿಯಲ್ಲಿ ಕಾರ್ಡ್ ಇಲ್ಲದೆ ಬದುಕಲಾಗದು.

ಎರಡು ದೋಷಕ್ಕೆ ಮಾತ್ರ ಚೌಕಾಸಿಯೇ ಬೇಡ. ಒಂದು, ಚಾರ್ಜಿಂಗ್ ಪೋರ್ಟ್. ಡೆಕ್‌ಗೆ ಇರುವುದು ಒಂದೇ ಒಂದು ಟೈಪ್-ಸಿ ಪೋರ್ಟ್, ಅದೂ ಬೋರ್ಡಿಗೆ ಬೆಸೆದದ್ದು. 'ಪಿನ್ ಸ್ವಲ್ಪ ಅಲ್ಲಾಡಿಸಿದ್ರೆ ಚಾರ್ಜ್ ಆಗುತ್ತೆ' ಅಂದರೆ ಅದು ದೋಷವಲ್ಲ, ಮುಹೂರ್ತ ಇಟ್ಟ ಸಾವು. ಎರಡು, ಉಬ್ಬಿದ ಬ್ಯಾಟರಿ. ಪರದೆಯ ಅಂಚಿನಲ್ಲಿ ಸಂದು, ಬೆನ್ನಿನ ಕವಚ ಜೋಡಣೆ ಬಿಟ್ಟಿರುವುದು, ಚಪ್ಪಟೆ ಮೇಜಿನ ಮೇಲೆ ಇಟ್ಟರೆ ತೂಗಾಡುವುದು, ಇವು ಅದರ ಗುರುತು. ಬ್ಯಾಟರಿಯನ್ನು ಒಳಗೆ ಗಟ್ಟಿ ಅಂಟು ಹಾಕಿ ಕೂರಿಸಿದ್ದಾರೆ, ಎಬ್ಬಿಸುವಾಗ ಬಾಗಿದರೆ ಬೆಂಕಿಯ ಭಯ. ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತೆಯೇ ಇಲ್ಲ. ಹಾಗಾಗಿ ಒಮ್ಮೆ ಕೈಗೆ ಬಂದರೆ ತವರಿಗೆ ಕಳಿಸುವುದೂ ಕಷ್ಟ. ಉಬ್ಬದಿದ್ದರೂ ಎಷ್ಟು ಉಳಿದಿದೆ ಅಂತ ನೋಡಬೇಕು. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಇನ್ಫೋ ಸೆಂಟರ್‌ನ ಎನರ್ಜಿ ಪುಟ ತೆರೆದರೆ ಪೂರ್ತಿ ಚಾರ್ಜ್ ಎಷ್ಟು ವ್ಯಾಟ್-ಅವರ್ ಅಂತ ಇರುತ್ತದೆ. ಎಲ್‌ಸಿಡಿ ಡೆಕ್‌ನ ಮೂಲ ಲೆಕ್ಕ 40. ಅದು 32ಕ್ಕಿಂತ ಕೆಳಗಿದ್ದರೆ ನಿಮಗೆ ಹೇಳಿದ್ದು ಒಂದು ದೋಷ, ಕೊಡುತ್ತಿರುವುದು ಎರಡು.

ಬೆಲೆ ವಿಷಯದಲ್ಲಿ ಒಂದು ಸರಳ ಪಟ್ಟು ಹಿಡಿಯಿರಿ. ಇಳಿಕೆ ಎರಡು ಸ್ಟಿಕ್ ಮಾಡ್ಯೂಲ್‌ಗಳ (ಬದಲಿ ಹಾಕುವ ಸ್ಟಿಕ್ ಭಾಗ) ಬೆಲೆ ಮತ್ತು ಅವನ್ನು ತರಿಸುವ ಖರ್ಚು ಸೇರಿದಷ್ಟಾದರೂ ಇರಬೇಕು. ಕೆಟ್ಟದ್ದು ಒಂದೇ, ಎರಡರ ಲೆಕ್ಕ ಯಾಕೆ ಅಂದರೆ, ಒಂದು ಸವೆಯುವಷ್ಟು ಆಡಿದ ಕೈ ಇನ್ನೊಂದನ್ನು ಬಿಟ್ಟಿರುವುದಿಲ್ಲ. ಬೇಗ ಕೊಡುತ್ತೇವೆ, ಬೆಲೆ ಮಾತ್ರ ಹೊಸದರದ್ದೇ ಅನ್ನುವವರೂ ಇದ್ದಾರೆ. ಅಂಥವರಿಗೆ ನಮಸ್ಕಾರ ಹೇಳಿ ಆರು ವಾರ ಕಾಯಿರಿ.

ಬಿಲ್ಲಿನಲ್ಲಿ 'ಇದ್ದ ಹಾಗೆ ಮಾರಾಟ' ಅಂತ ಬರೆಸಿಕೊಳ್ಳಬೇಡಿ. ಆ ಮಾತು ನಾಳೆ ಯಾವ ದೋಷಕ್ಕೂ ಕಂಬಳಿಯಾಗುತ್ತದೆ. ಹೀಗೆ ಬರೆಸಿ: "ಎಡ ಸ್ಟಿಕ್ ತನ್ನಷ್ಟಕ್ಕೆ ಎಡಕ್ಕೆ ಸರಿಯುತ್ತದೆ. ಬೇರೆ ದೋಷವಿಲ್ಲ. ಈ ದೋಷಕ್ಕಾಗಿ ಇಷ್ಟು ರೂಪಾಯಿ ಇಳಿಸಲಾಗಿದೆ." ಜೊತೆಗೆ ಸೀರಿಯಲ್ ನಂಬರ್. ತಿಳಿದೂ ಒಪ್ಪಿದ ದೋಷಕ್ಕೆ ಆಮೇಲೆ ಜಗಳ ಮಾಡಲಾಗದು, ಆದರೆ ಹೇಳದೆ ಮುಚ್ಚಿಟ್ಟದ್ದಕ್ಕೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ಅಂಗಡಿ ಬೆಂಗಳೂರಿನಲ್ಲಿದ್ದರೂ ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ಕೊಡಬಹುದು. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಅಂಗಡಿಯವರ ದನಿ ಮೆತ್ತಗಾಗುತ್ತದೆ. ಬಿಲ್ಲಿಲ್ಲದೆ ಬೇರೊಬ್ಬ ಆಟಗಾರರಿಂದ ಕೊಂಡರೆ ಈ ದಾರಿ ಇಲ್ಲ.

ಪಾರ್ಸೆಲ್. ಕೊಡಗಿಗೆ ರೈಲಿಲ್ಲ, ಬರುವುದೆಲ್ಲ ರಸ್ತೆಯಲ್ಲೇ. ಬಸ್ ಪಾರ್ಸೆಲ್ ಕೊರಿಯರ್‌ಗಿಂತ ಬೇಗ, ರಾತ್ರಿ ಹಾಕಿದ್ದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ಆದರೆ ಅಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬೀಳುತ್ತದೆ. ಡೆಕ್‌ನ ಜಿಪ್ ಕೇಸ್ ಒಳಗಿಟ್ಟು, ಅದರ ಸುತ್ತ ಎರಡಿಂಚು ಮೆತ್ತೆ ಇರುವ ಪೆಟ್ಟಿಗೆಯಲ್ಲಿ ಹಾಕಿ, ಹೊರಗೆ ಪ್ಲಾಸ್ಟಿಕ್ ಸುತ್ತಿಸಿ. ಸ್ಟಿಕ್ಕುಗಳ ಮೇಲೆ ಏನೂ ಒತ್ತುವಂತಿರಬಾರದು. ದಾರಿಯುದ್ದಕ್ಕೂ ಒಂದು ಬದಿಗೆ ಒತ್ತಿಸಿಕೊಂಡು ಬಂದರೆ ಒಳ್ಳೆಯ ಸ್ಟಿಕ್ಕೂ ಕೆಡಬಹುದು. ಬಂದ ಪೆಟ್ಟಿಗೆಯನ್ನು ಒಡೆಯುವಾಗ ಟೇಪು ಕತ್ತರಿಸುವುದರಿಂದ ಚುಕ್ಕಿ ಪರೀಕ್ಷೆಯವರೆಗೆ ಒಂದೇ ವಿಡಿಯೋ, ನಡುವೆ ನಿಲ್ಲಿಸಬೇಡಿ. ಜುಲೈ ಮಳೆಯಲ್ಲಿ ಬಂದದ್ದಾದರೆ ಒಂದೆರಡು ಗಂಟೆ ಕೋಣೆಯ ಹವೆಗೆ ಹೊಂದಲು ಬಿಟ್ಟು ಆಮೇಲೆ ಆನ್ ಮಾಡಿ.

ತಿಂಗಳೂ ಮುಖ್ಯ. ಏಪ್ರಿಲ್ ಕೊನೆಯಲ್ಲಿ 'ಆರು ವಾರ ಕಾಯಿರಿ' ಅಂದರೆ ಹೊಸ ಪೀಸ್ ಹೊರಡುವುದು ಜೂನ್ ಮಳೆಗೆ ಸರಿಯಾಗಿ. ಮರ ಬಿದ್ದರೆ ಬಸ್ಸಿಲ್ಲ, ಕರೆಂಟಿಲ್ಲ, ಫೈಬರ್ ಇಲ್ಲ. ಡೆಕ್ ಮೊದಲ ಸಲ ಆನ್ ಆದಾಗ ಇಂಟರ್‌ನೆಟ್ ಕೇಳುತ್ತದೆ, ಅಪ್‌ಡೇಟ್ ಇಳಿಸದೆ ಮುಂದೆ ಹೋಗುವುದಿಲ್ಲ. ಆಮೇಲೆ ಒಂದೊಂದು ದೊಡ್ಡ ಆಟಕ್ಕೆ 60ರಿಂದ 100 ಜಿಬಿ. ಮಕ್ಕಳಿಗೆ ಮಳೆ ರಜೆ ಸಿಕ್ಕಿರುತ್ತದೆ, ಡೆಕ್ಕೂ ಬಂದಿರುತ್ತದೆ, ಆಟ ಇಳಿಸಲು ನೆಟ್ ಇರುವುದಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವುದು ಇದಕ್ಕೇ. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ದೋಷದ ಪೀಸ್ ಈಗಲೇ ತರಿಸಿಕೊಳ್ಳುವುದಕ್ಕೆ ಅರ್ಥವಿದೆ. ಸೆಪ್ಟೆಂಬರ್ ಕೊನೆಯಲ್ಲಿ ಅದೇ ಮಾತು ಬಂದರೆ ಕಾಯುವುದೇ ಜಾಣತನ, ಹುತ್ತರಿ ಹಬ್ಬದ ಹೊತ್ತಿಗೆ ಹೊಸದೇ ಬಂದಿರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಮಳೆಗೆ ಮುಂಚೆಯೇ ಅದಕ್ಕೆ ಆಟ ಇಳಿಸಿಡಿ. ಸ್ಟೀಮ್‌ನಲ್ಲಿ (ವಾಲ್ವ್‌ನ ಆಟದ ಅಂಗಡಿ) ಒಂದೇ ರೌಟರ್‌ನ ಒಳಗೆ ಕಂಪ್ಯೂಟರ್‌ನಿಂದ ಡೆಕ್‌ಗೆ ಆಟ ವರ್ಗಾಯಿಸುವ ಸೌಲಭ್ಯ 2023ರಿಂದ ಇದೆ. ಪ್ರತಿ ಆಟವನ್ನೂ ನೆಟ್ ಇರುವಾಗ ಒಮ್ಮೆ ತೆರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆಫ್‌ಲೈನ್‌ನಲ್ಲಿ ಕೈಕೊಡುತ್ತದೆ.

ಈಗ ರಿಪೇರಿ. ಸ್ಟಿಕ್ ಕೊಳ್ಳುವ ಮೊದಲು ಒಂದು ಎಚ್ಚರ: ಎಲ್‌ಸಿಡಿ ಡೆಕ್‌ನಲ್ಲಿ ಎರಡು ಬಗೆಯ ಸ್ಟಿಕ್ ಮಾಡ್ಯೂಲ್ ಬಂದಿವೆ. ಮಾಡ್ಯೂಲ್‌ನ ಬೋರ್ಡಿನ ಮೇಲೆ ಎಂಇಡಿಎ (MEDA) ಅಥವಾ ಎಂಎಚ್‌ಡಿಎ (MHDA) ಅನ್ನುವ ಇಂಗ್ಲಿಷ್ ಅಕ್ಷರಗಳಿರುತ್ತವೆ. ಒಮ್ಮೆ ಬಿಚ್ಚಿ ಓದಿಕೊಂಡು ಆಮೇಲೆ ತರಿಸಿ, ಓಎಲ್‌ಇಡಿ ಪರದೆಯ ಡೆಕ್‌ನದ್ದು ಮತ್ತೂ ಬೇರೆ. ಕಂಪನಿಯ ಮಾದರಿಯದ್ದೇ ಹಾಕಿದರೆ ಅದೂ ಉಜ್ಜುವ ಜಾತಿಯೇ. ಆಯಸ್ಕಾಂತದಿಂದ ನಡೆಯುವ ಹಾಲ್ ಎಫೆಕ್ಟ್ ಸ್ಟಿಕ್ಕಿನಲ್ಲಿ ಉಜ್ಜಾಟವಿಲ್ಲ, ಹಾಗಾಗಿ ಪಟ್ಟಿಯ ಸವೆತವಿಲ್ಲ. ಹಾಕುವುದಾದರೆ ಅದನ್ನೇ ಹಾಕಿ. ಸ್ಟಿಕ್‌ನ ತಲೆಗೆ ಬೆರಳು ತಾಗಿದ್ದು ತಿಳಿಯುವ ವ್ಯವಸ್ಥೆ ಹೊಸದರಲ್ಲೂ ಇದೆಯಾ ಕೇಳಿ, ಇಲ್ಲದಿದ್ದರೆ ಬೆರಳಿಟ್ಟಾಗ ಶುರುವಾಗುವ ಜೈರೋ ಕೆಲಸ ಮಾಡುವುದಿಲ್ಲ.

ಮೆಮೊರಿ ಕಾರ್ಡ್ ಹೊರಗೆ ತೆಗೆಯಿರಿ. ಮರೆತು ಬೆನ್ನು ಎಬ್ಬಿಸಿದರೆ ಕಾರ್ಡ್ ಎರಡು ತುಂಡು. ಚಾರ್ಜ್ 25 ಶೇಕಡಾಕ್ಕಿಂತ ಕೆಳಗಿರಲಿ. ಆಫ್ ಮಾಡಿ, ವಾಲ್ಯೂಮ್ ಹೆಚ್ಚಿಸುವ ಗುಂಡಿ ಒತ್ತಿಹಿಡಿದು ಪವರ್ ಒತ್ತಿದರೆ ಬರುವ ಮೆನುವಿನಲ್ಲಿ ಸೆಟಪ್, ಪವರ್, ಬ್ಯಾಟರಿ ಸ್ಟೋರೇಜ್ ಮೋಡ್. ಇದಾದ ಮೇಲೆ ಚಾರ್ಜರ್ ಚುಚ್ಚುವವರೆಗೆ ಅದು ಏಳುವುದಿಲ್ಲ. ಬೆನ್ನಿನಲ್ಲಿ ಎಂಟು ಪ್ಲಸ್ ಸ್ಕ್ರೂ, ನಾಲ್ಕು ಉದ್ದ, ನಾಲ್ಕು ಗಿಡ್ಡ. ತಟ್ಟೆಯಲ್ಲಿ ಸುರಿಯದೆ ಕಾಗದದ ಮೇಲೆ ಡೆಕ್ ಆಕಾರ ಬರೆದು ಆಯಾ ಜಾಗದಲ್ಲೇ ಇಡಿ. ಹಳೆಯ ಎಟಿಎಂ ಕಾರ್ಡನ್ನು ಹಿಡಿಯ ಹತ್ತಿರದ ಸಂದಿಗೆ ತೂರಿಸಿ ಮೆಲ್ಲಗೆ ಎಬ್ಬಿಸುತ್ತಾ ಹೋದರೆ ಟಕ್ ಟಕ್ ಅಂತ ಕೊಂಡಿಗಳು ಬಿಡುತ್ತವೆ. ಆ ಸದ್ದಿಗೆ ಹೆದರಬೇಡಿ.

ಒಳಗೆ ಬೋರ್ಡಿನ ಮೇಲೆ ಲೋಹದ ಮುಚ್ಚಳ, ಮೂರು ಸ್ಕ್ರೂ. ಎರಡು ಕಾಣುತ್ತವೆ, ಮೂರನೆಯದು ಬೆಳ್ಳಿ ಬಣ್ಣದ ಟೇಪಿನ ಅಡಿಯಲ್ಲಿ ಅಡಗಿದೆ. ಮುಚ್ಚಳ ಬಾಗಿಸಿದವರೆಲ್ಲ ಇದನ್ನು ಕಾಣದೆ ಎಳೆದವರೇ. ಮುಚ್ಚಳ ತೆಗೆದು ಬ್ಯಾಟರಿ ಕನೆಕ್ಟರನ್ನು ಅದರ ಪಟ್ಟಿ ಹಿಡಿದು ಬಿಡಿಸಿ. ಇದನ್ನು ಬಿಡಿಸದೆ ಸ್ಟಿಕ್ ಮುಟ್ಟಬೇಡಿ. ಸ್ಟಿಕ್‌ನ ರಿಬ್ಬನ್ ಕೇಬಲ್‌ಗೆ ಎತ್ತುವ ಪುಟ್ಟ ಕದವಿದೆ, ಉಗುರಿನಲ್ಲಿ ಅದನ್ನು ಎತ್ತಿ ಆಮೇಲೆ ಕೇಬಲ್ ಎಳೆಯಿರಿ. ಮೂರು ಸ್ಕ್ರೂ ಬಿಚ್ಚಿದರೆ ಮಾಡ್ಯೂಲ್ ಕೈಗೆ ಬರುತ್ತದೆ. ಬೆಸುಗೆ ಬೇಡ. ಮೊದಲ ಸಲವಾದರೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಮುಚ್ಚುವಾಗ ಆಗುವ ತಪ್ಪೇ ಹೆಚ್ಚು. ಎಲ್‌ಸಿಡಿ ಡೆಕ್‌ನ ಬೆನ್ನಿನ ಸ್ಕ್ರೂಗಳು ನೇರ ಪ್ಲಾಸ್ಟಿಕ್ಕನ್ನೇ ಕಚ್ಚುತ್ತವೆ. ಮೊದಲು ಸ್ಕ್ರೂವನ್ನು ಉಲ್ಟಾ ತಿರುಗಿಸಿ, ಹಳೆಯ ಮರೆಗೆ (ಸ್ಕ್ರೂ ಕೊರೆದ ಸುತ್ತುಗೆರೆಗೆ) 'ಟಿಕ್' ಅಂತ ಬಿದ್ದದ್ದು ಬೆರಳಿಗೆ ತಿಳಿದ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ಪ್ರತಿ ಸಲ ಹೊಸ ಮರೆ ಕೊರೆದು ಮೂರನೆಯ ಸಲಕ್ಕೆ ತೂತು ಸಡಿಲ. ಕೊನೆಗೆ ಚಾರ್ಜರ್ ಚುಚ್ಚಿ ಎಬ್ಬಿಸಿ, ಹೊಸ ಸ್ಟಿಕ್ಕಿಗೆ ಕ್ಯಾಲಿಬ್ರೇಶನ್ (ನಡು ಎಲ್ಲಿ, ಅಂಚು ಎಲ್ಲಿ ಅಂತ ಡೆಕ್‌ಗೆ ತಿಳಿಸುವುದು) ಮಾಡಿ, ಡೆಡ್ ಝೋನ್ ಮತ್ತೆ ಕಡಿಮೆ ಮಾಡಿ. ಇದನ್ನು ಮರೆತು 'ಹೊಸ ಸ್ಟಿಕ್ಕೂ ಸರಿಯಿಲ್ಲ' ಅನ್ನುವವರು ಬೇಕಾದಷ್ಟಿದ್ದಾರೆ.

ಬಿಚ್ಚುವ ಧೈರ್ಯವಿಲ್ಲದವರು ಸ್ಟಿಕ್‌ನ ಬುಡಕ್ಕೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಭಾಗ ತೊಳೆಯುವ ಸ್ಪ್ರೇ) ಹಾಕಿ ನೋಡಬಹುದು. ಧೂಳಿನ ಡ್ರಿಫ್ಟ್ ಆದರೆ ಕೆಲವು ವಾರ ನಿಲ್ಲುತ್ತದೆ, ಸವೆದದ್ದಾದರೆ ಇಲ್ಲ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಹಾಕಬೇಡಿ, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬಳಕೆಯಲ್ಲಿ ಎರಡು ಮಾತು. ಹೂಮಳೆಯ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಗುಡುಗಿಗೆ ಚಾರ್ಜರನ್ನು ಗೋಡೆಯಿಂದಲೇ ಕಿತ್ತಿಡಿ, ಸುಟ್ಟರೆ ಹೋಗುವುದು ಬೋರ್ಡಿಗೆ ಬೆಸೆದ ಚಾರ್ಜಿಂಗ್ ಚಿಪ್. ಚಾರ್ಜರ್ 45 ವ್ಯಾಟ್‌ನದ್ದು, ಮನೆಯ ಇನ್ವರ್ಟರ್ ಸುಲಭವಾಗಿ ಹೊರುತ್ತದೆ. ಕರೆಂಟ್ ಹೋದ ದಿನ ಪರದೆಯನ್ನು 40 ಹರ್ಟ್ಸ್‌ಗೆ ಇಳಿಸಿ, ವಿದ್ಯುತ್ ಮಿತಿಯನ್ನು 5ರಿಂದ 7 ವ್ಯಾಟ್‌ಗೆ ಕಟ್ಟಿದರೆ ಹಗುರದ ಆಟ ನಾಲ್ಕೈದು ಗಂಟೆ ನಡೆಯುತ್ತದೆ. ಭಾರದ ಆಟ ಎರಡು ಗಂಟೆಗೆ ಬ್ಯಾಟರಿ ಖಾಲಿ ಮಾಡುತ್ತದೆ.

ಮಳೆಗಾಲದಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಡೆಕ್ ಅನ್ನು ಬಟ್ಟೆಯ ಕೇಸಿನಲ್ಲಿ ಬಿಡಬಾರದು, ಬಟ್ಟೆಯೇ ತೇವ ಹೀರಿ ಒಳಗೆ ಕೊಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ನೂರು ಗ್ರಾಂ ಸಿಲಿಕಾ ಜೆಲ್. ಅಕ್ಕಿ ಬೇಡ, ತೇವ ಎಳೆಯುವುದು ಕಡಿಮೆ, ಫ್ಯಾನ್ ಕಿಂಡಿಗೆ ಹಿಟ್ಟು ಹೋಗುವುದು ಹೆಚ್ಚು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಿತ್ತಳೆಯಾಗುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ತರಿಸಿದ ಎರಡನೆಯ ಸ್ಟಿಕ್ ಮಾಡ್ಯೂಲನ್ನೂ ಅದೇ ಡಬ್ಬಿಯಲ್ಲಿ ಇಟ್ಟಿರಿ, ಬೇಕಾಗುವುದು ಹೇಗೂ ಜುಲೈಯಲ್ಲೇ.